ಮಗುವಿನ ಅಳು ಯಾರ ಕಿವಿಗೆ ಬೀಳಬೇಕು?

ಯೌವನಸ್ಥರ ಅಧ್ಯಯನ ಕೂಟದ ಸಂದೇಶ
ಓದಿಕೊಳ್ಳಬೇಕಾದ ಭಾಗಗಳು: ಆದಿಕಾಂಡ 21:14–20, 2 ಸಮುವೇಲ 13:1–22, 2 ಅರಸುಗಳು 4:1–7, ಮತ್ತಾಯ 18:1–14

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ಬಂದ ತಮ್ಮಂದಿರು, ತಂಗಿಯರು ಇಲ್ಲಿ ಕೂತಿದ್ದೀರಿ. ಓದೋದಕ್ಕೆ, ಕೆಲಸಕ್ಕೆ ಅಂತ ಹುಬ್ಬಳ್ಳಿ, ಬೆಂಗಳೂರು ಸೇರಿದವರು ಮೊಬೈಲಿನಲ್ಲಿ ಕೇಳ್ತಾ ಇದ್ದೀರಿ.

ಇವತ್ತಿನ ವಿಷಯ ಮಕ್ಕಳ ಮೇಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯ. "ಅಣ್ಣಾ, ಯೌವನಸ್ಥರ ಕೂಟದಾಗ ಇದು ಯಾಕೆ? ನಮಗಿನ್ನೂ ಮದುವೇನೇ ಆಗಿಲ್ಲ" ಅಂತ ಒಬ್ಬರು ಕೇಳಿದರು. ಯಾಕಂದ್ರೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವವರು ನೀವು. ರಜೆಯಲ್ಲಿ ವಿಬಿಎಸ್ ನಡೆಸುವವರು ನೀವು. ಅಕ್ಕನ ಮಕ್ಕಳು, ಅಣ್ಣನ ಮಕ್ಕಳು "ಮಾಮಾ", "ಕಾಕಾ", "ಚಿಗವ್ವ" ಅಂತ ಓಡಿ ಬರೋದು ನಿಮ್ಮ ಹತ್ರಾನೇ. ದೊಡ್ಡವರಿಗೆ ಹೇಳೋಕೆ ಹೆದರುವ ಮಗು ಮೊದಲು ಬಾಯಿ ಬಿಡೋದು ನಿಮ್ಮ ಮುಂದೆ. ಆ ಹೊತ್ತಿಗೆ ನಿಮಗೆ ತಿಳುವಳಿಕೆ ಇರಬೇಕು.

ಇನ್ನೊಂದು ಮಾತು. ಇಲ್ಲಿ ಕೂತವರಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ಇಂಥದ್ದನ್ನು ಅನುಭವಿಸಿದ್ದರೆ, ಕೇಳೋದು ಕಷ್ಟವಾದರೆ, ಎದ್ದು ಹೊರಗೆ ಹೋಗಿ. ಯಾರೂ ಯಾಕೆ ಅಂತ ಕೇಳೋದಿಲ್ಲ. ಕಡೇಲಿ ನಿಮಗಾಗಿಯೇ ಒಂದು ಮಾತು ಇದೆ.

1. ಪೊದೆಯ ಕೆಳಗಿನ ಹುಡುಗ

ಆದಿಕಾಂಡ 21ನೇ ಅಧ್ಯಾಯ. ಹಾಗರಳನ್ನೂ ಅವಳ ಮಗನನ್ನೂ ಮನೆಯಿಂದ ಕಳಿಸಿಬಿಡ್ತಾರೆ. ಕೈಯಲ್ಲಿ ಸ್ವಲ್ಪ ರೊಟ್ಟಿ, ಒಂದು ತಿತ್ತಿ ನೀರು. ಬೇರ್ಷೆಬದ ಅಡವಿಯಲ್ಲಿ ದಾರಿ ತಪ್ಪುತ್ತೆ, ನೀರು ಮುಗಿಯುತ್ತೆ. ಅವಳು ಮಗನನ್ನು ಒಂದು ಪೊದೆಯ ಕೆಳಗೆ ಬಿಟ್ಟು, ದೂರ ಹೋಗಿ ಕೂತು ಅಳ್ತಾಳೆ. ಮಗು ಸಾಯೋದನ್ನ ಕಣ್ಣಾರೆ ನೋಡೋ ಶಕ್ತಿ ಅವಳಿಗಿಲ್ಲ.

ಇಲ್ಲಿ ಒಂದು ಸಂಗತಿ ಗಮನಿಸಿ. ಅಳುತ್ತಾ ಕೂತವಳು ತಾಯಿ ಅಂತ ವಾಕ್ಯ ಹೇಳುತ್ತೆ. ಆದರೆ ದೇವರ ಕಿವಿಗೆ ಬಿದ್ದದ್ದು ಹುಡುಗನ ದನಿ ಅಂತಾನೂ ಅದೇ ವಾಕ್ಯ ಹೇಳುತ್ತೆ. ಆ ಹುಡುಗನ ದನಿ ಎಷ್ಟು ಸಣ್ಣದಾಗಿತ್ತೋ, ಒಣಗಿದ ಗಂಟಲಿನಿಂದ ಬಂತೋ ಇಲ್ವೋ, ಗೊತ್ತಿಲ್ಲ. ದೇವರಿಗೆ ಕೇಳಿಸಿತು. ಅವನ ಹೆಸರೇ ಇಷ್ಮಾಯೇಲ, ಅಂದರೆ "ದೇವರು ಕೇಳುತ್ತಾನೆ".

ದೇವರು ಕೇಳಿದ ಮೇಲೆ ಏನು ಮಾಡಿದ? ತಾಯಿಗೆ ಎದ್ದು ಹೋಗಿ ಹುಡುಗನ ಕೈ ಹಿಡಿ ಅಂದ. ಅವಳ ಕಣ್ಣು ತೆರೆದ, ಬಾವಿ ಕಾಣಿಸಿತು. ದೇವರು ಕೇಳೋದು ಅಂದ್ರೆ ಬರೀ ಕೇಳೋದಲ್ಲ, ಯಾರಾದರೂ ಒಬ್ಬರನ್ನು ಎಬ್ಬಿಸಿ ಮಗುವಿನ ಹತ್ರ ಕಳಿಸೋದು. ಇವತ್ತಿನ ಸಂದೇಶದ ಸಾರ ಇಷ್ಟೇ: ಮಗುವಿನ ಅಳು ಮೊದಲು ದೇವರ ಕಿವಿಗೆ ಬೀಳುತ್ತೆ, ಆಮೇಲೆ ಆತ ನಮ್ಮನ್ನು ಎಬ್ಬಿಸ್ತಾನೆ. ನಾವು ಏಳ್ತೀವಾ?

2. ದೌರ್ಜನ್ಯಕ್ಕೆ ಒಂದೇ ಮುಖ ಇಲ್ಲ

ದೌರ್ಜನ್ಯ ಅಂದ ಕೂಡಲೇ ನಮಗೆ ಪೇಪರಿನಲ್ಲಿ ಬರೋ ಭಯಂಕರ ಸುದ್ದಿ ಮಾತ್ರ ನೆನಪಾಗುತ್ತೆ. ಅದಕ್ಕೇ ಪಕ್ಕದ ಮನೆಯಲ್ಲಿ ನಡೆಯೋದು ಕಾಣೋದಿಲ್ಲ. ಒಂದೊಂದಾಗಿ ನೋಡೋಣ.

ದೈಹಿಕ ದೌರ್ಜನ್ಯ. ಹೊಡೆಯೋದು, ಒದೆಯೋದು, ಸುಡೋದು, ಕಟ್ಟಿಹಾಕೋದು. "ಬೆತ್ತ ಬಿಟ್ಟರೆ ಮಗು ಕೆಡುತ್ತೆ ಅಂತ ಜ್ಞಾನೋಕ್ತಿಯಲ್ಲೇ ಇದೆಯಲ್ಲ" ಅನ್ನುವವರು ಇದ್ದಾರೆ. ಕೋಲು ಕುರುಬನ ಕೈಯಲ್ಲೂ ಇರುತ್ತೆ. ಕೊಪ್ಪಳದ ಕಡೆ ಕುರಿ ಕಾಯುವವರನ್ನು ನೋಡಿದ್ದೀರಿ. ಅವರು ಕೋಲಿನಿಂದ ಕುರಿಯನ್ನು ದಾರಿಗೆ ತಿರುಗಿಸ್ತಾರೆ, ತೋಳವನ್ನು ಓಡಿಸ್ತಾರೆ. ಕುರಿಯ ಕಾಲು ಮುರಿಯೋದಕ್ಕೆ ಯಾರೂ ಕೋಲು ಹಿಡಿಯೋದಿಲ್ಲ. ಎಫೆಸ 6:4 ತಂದೆಗಳಿಗೆ, ಮಕ್ಕಳನ್ನು ಕೆಣಕಿ ಸಿಟ್ಟಿಗೆಬ್ಬಿಸಬೇಡಿ ಅನ್ನುತ್ತೆ. ಕೊಲೊಸ್ಸೆ 3:21 ಕಾರಣವನ್ನೂ ಹೇಳುತ್ತೆ: ಮಕ್ಕಳ ಮನಸ್ಸು ಕುಗ್ಗಿಹೋಗುತ್ತೆ. ಕುಡಿದು ಬಂದು, ಹೊರಗಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡು ಅದಕ್ಕೆ ಶಿಸ್ತು ಅಂತ ಹೆಸರಿಡೋದು ವಾಕ್ಯಕ್ಕೂ ವಿರೋಧ, ಕಾನೂನಿಗೂ ವಿರೋಧ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತನ್ನ ಸುಪರ್ದಿಯಲ್ಲಿರುವ ಮಗುವಿಗೆ ಕ್ರೌರ್ಯ ಮಾಡಿದವರಿಗೆ 2015ರ ಬಾಲನ್ಯಾಯ ಕಾಯ್ದೆ ಜೈಲು ಶಿಕ್ಷೆ ಇಟ್ಟಿದೆ.

ಭಾವನಾತ್ಮಕ ದೌರ್ಜನ್ಯ. ಇದಕ್ಕೆ ಬಾಸುಂಡೆ ಇಲ್ಲ, ಗಾಯ ಒಳಗೆ. "ನೀ ಯಾಕ ಹುಟ್ಟಿದಿ", "ಹೆಣ್ಣು ಹುಟ್ಟಿ ಮನಿ ಹಾಳಾತು", "ದಂಡಪಿಂಡ". ದಿನಾ ಇದನ್ನೇ ಕೇಳಿ ಬೆಳೆದ ಮಗು ಕೊನೆಗೆ ಅದನ್ನೇ ನಂಬುತ್ತೆ. ನಮ್ಮ ಭಾಗದಲ್ಲಿ ಇನ್ನೊಂದು ಇದೆ. ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಆದರೂ ಶಾಲೆಯಲ್ಲಿ ಅರ್ಜಿ ತುಂಬುವಾಗ "ಅಪ್ಪನ ಹೆಸರೇನು?" ಅಂತ ಎಲ್ಲರ ಮುಂದೆ ಕೇಳಿದಾಗ ಆ ಮಗು ತಲೆ ತಗ್ಗಿಸುತ್ತೆ. ಆ ತಾಯಿಗೆ ಮುತ್ತು ಕಟ್ಟಿದಾಗ ಅವಳೂ ಒಂದು ಮಗುವೇ ಆಗಿದ್ದಳು. ಅಂಥ ಮನೆಯ ಮಕ್ಕಳು ನಮ್ಮ ಸಭೆಗಳಲ್ಲೂ ಇದ್ದಾರೆ. ಸಾಕ್ಷಿ ಹೇಳುವಾಗ ಅವರ ಮನೆ ಕತೆಯನ್ನು ಮೈಕಿನಲ್ಲಿ ಎಳೆದು ತರಬೇಡಿ. ಅದೂ ಹಿಂಸೆಯೇ.

ಲೈಂಗಿಕ ದೌರ್ಜನ್ಯ. ಮುಟ್ಟಬಾರದ ಕಡೆ ಮುಟ್ಟೋದು ಮಾತ್ರ ಅಲ್ಲ. ಕೆಟ್ಟ ಚಿತ್ರ ತೋರಿಸೋದು, ಮಗುವಿನ ಫೋಟೋ ಕೇಳೋದು, ವಿಡಿಯೊ ಕಾಲಿನಲ್ಲಿ ಬಟ್ಟೆ ತೆಗೆ ಅನ್ನೋದು, ಎಲ್ಲವೂ ಅಪರಾಧ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು, ಶೇ 53ರಷ್ಟು, ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಗಂಡುಮಕ್ಕಳೂ ಅಷ್ಟೇ ಇದ್ದರು. ಹಿಂಸೆ ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ನಾವು ಮಕ್ಕಳಿಗೆ "ಅಪರಿಚಿತರು ಚಾಕೊಲೇಟ್ ಕೊಟ್ಟರೆ ತಗೋಬೇಡ" ಅಂತ ಕಲಿಸ್ತೀವಿ. ಪರಿಚಿತರ ವಿಷಯ ಕಲಿಸೋದೇ ಇಲ್ಲ. "ಗಂಡ್ಹುಡುಗನಿಗೆ ಏನಾಗ್ತದ" ಅನ್ನೋದನ್ನೂ ಬಿಡಬೇಕು.

ನಿರ್ಲಕ್ಷ್ಯ. ಹೊಡೆದಿಲ್ಲ, ಬೈದಿಲ್ಲ. ಆದರೆ ಮಗುವಿಗೆ ಬೇಕಾದ ಊಟ, ಔಷಧಿ, ಶಾಲೆ, ಕಾವಲು, ಪ್ರೀತಿ ಸಿಗಲಿಲ್ಲ. ಇಲ್ಲಿ ಬಡತನವನ್ನೂ ನಿರ್ಲಕ್ಷ್ಯವನ್ನೂ ಬೇರೆ ಮಾಡಿ ನೋಡಬೇಕು. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತ ಬೆಳೀತಾರೆ. ಕುಷ್ಟಗಿ, ಯಲಬುರ್ಗಾದ ಬಹುಪಾಲು ನೆಲ ಮಳೆ ನಂಬಿದ್ದು. ಮಳೆ ಕೈಕೊಟ್ಟರೆ ಜನ ಗುಳೆ ಹೋಗ್ತಾರೆ, ಬೆಂಗಳೂರು, ಮಂಗಳೂರು, ಗೋವಾ. ಮಕ್ಕಳನ್ನು ಕರ್ಕೊಂಡು ಹೋದರೆ ಶಾಲೆ ತಪ್ಪುತ್ತೆ. ಬಿಟ್ಟು ಹೋದರೆ ಕಣ್ಣು ಕಾಣದ ಅಜ್ಜಿಯ ಜೊತೆ. ಹೊಟ್ಟೆಪಾಡಿಗೆ ಹೋದ ತಾಯಿಯನ್ನು ಅಪರಾಧಿ ಅನ್ನಬೇಡಿ. ಹಾಗರಳೂ ಮಗನನ್ನು ಪೊದೆಯ ಕೆಳಗೆ ಬಿಟ್ಟದ್ದು ಪ್ರೀತಿ ಇಲ್ಲದೆ ಅಲ್ಲ, ನೀರು ಇಲ್ಲದೆ. ದೇವರು ಅವಳನ್ನು ಗದರಿಸಲಿಲ್ಲ, ಬಾವಿ ತೋರಿಸಿದ. ಅಂಥ ಮನೆಗೆ ಸಭೆಯೇ ಬಾವಿ ಆಗಬೇಕು. ಅಜ್ಜಿ ಜೊತೆ ಇರೋ ಮಗು ಶಾಲೆಗೆ ಹೋಯ್ತಾ, ಜ್ವರ ಬಂದಾಗ ಆಸ್ಪತ್ರೆಗೆ ಯಾರು ಕರ್ಕೊಂಡು ಹೋದರು ಅಂತ ವಿಚಾರಿಸೋದು ನಮ್ಮ ಕೆಲಸ.

ಆದರೆ ದುಡ್ಡಿದ್ದೂ ಮಗುವನ್ನು ನೋಡದ ಮನೆಗಳೂ ಇವೆ. ಸಂಬಳ ಪೂರ್ತಿ ಕುಡಿತಕ್ಕೆ. ಅಥವಾ ಇಬ್ಬರೂ ದುಡೀತಾರೆ, ಮಗುವಿನ ಕೈಗೆ ಮೊಬೈಲ್ ಕೊಟ್ಟು ಬಾಗಿಲು ಹಾಕ್ತಾರೆ. ಇನ್ನೊಂದು ನಮ್ಮವರಿಗೇ ಹೇಳಬೇಕಾದ್ದು: ಮಗುವಿಗೆ ಮೂರು ದಿನದಿಂದ ಜ್ವರ, ಡಾಕ್ಟರ ಹತ್ರ ಹೋಗೋದು ಅವಿಶ್ವಾಸ ಅಂತ ಬರೀ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತಾ ಕೂರೋದು. ದೇವರು ಸ್ವಸ್ಥಪಡಿಸ್ತಾನೆ, ಆಮೆನ್. ಪ್ರಾರ್ಥನೆ ಮಾಡಿ, ಆಸ್ಪತ್ರೆಗೂ ಕರ್ಕೊಂಡು ಹೋಗಿ. ನಿಮ್ಮ ವಿಶ್ವಾಸದ ಪರೀಕ್ಷೆಗೆ ಮಗುವಿನ ಜೀವವನ್ನು ಒಡ್ಡಬೇಡಿ. ತನ್ನ ಮನೆಯವರನ್ನು ಸಂರಕ್ಷಿಸದವನು ನಂಬದವನಿಗಿಂತ ಕೆಟ್ಟವನು ಅನ್ನುವ ಅರ್ಥದ ಮಾತನ್ನು ಪೌಲನು 1 ತಿಮೊಥೆಯ 5:8ರಲ್ಲಿ ಬರೆದಿದ್ದಾನೆ.

ದುಡಿಸಿಕೊಳ್ಳೋದು. 2 ಅರಸುಗಳು 4ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ವಿಧವೆ, ಎಣ್ಣೆಯ ಮೊಗೆ, ನೆರೆಮನೆಯ ಖಾಲಿ ಪಾತ್ರೆಗಳು. ಅಭಿಷೇಕದ ಬಗ್ಗೆ ಎಷ್ಟು ಪ್ರಸಂಗ ಕೇಳಿಲ್ಲ ನಾವು! ಆದರೆ ಆ ಅದ್ಭುತ ಯಾಕೆ ನಡೀತು? ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರಾಗಿ ಒಯ್ಯೋದಕ್ಕೆ ಬಂದಿದ್ದ. ಅಪ್ಪನ ಸಾಲಕ್ಕೆ ಮಕ್ಕಳು ಜೀತ. ಆ ಎಣ್ಣೆ ಹರಿದದ್ದು ಇಬ್ಬರು ಮಕ್ಕಳನ್ನು ಜೀತದಿಂದ ಬಿಡಿಸೋದಕ್ಕೆ.

ಇದು ನಮ್ಮ ಜಿಲ್ಲೆಯ ಕತೆ ಕೂಡ. ಹೈಬ್ರಿಡ್ ಹತ್ತಿ ಬೀಜ ಮಾಡುವ ಹೊಲದಲ್ಲಿ ಕ್ರಾಸಿಂಗ್ ಕೆಲಸ ಇರುತ್ತೆ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೀಬೇಕು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈಯಲ್ಲೇ. ಸಣ್ಣ ಬೆರಳು ಬೇಕು, ಕೂಲಿ ಕಡಿಮೆ ಇರಬೇಕು ಅಂತ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹಚ್ಚಿದರು. ಹಂಗಾಮಿಗೆ ಮುಂಚೆಯೇ ಮನೆಗೆ ಮುಂಗಡ ಕೊಡೋದು, ಮಗು ದುಡಿದು ತೀರಿಸೋದು. ಔಷಧಿ ಹೊಡೆದ ಗಿಡದ ನಡುವೆ ದಿನವೆಲ್ಲಾ ನಿಲ್ಲೋದು. ಹೀಗೆ ಹಂಗಾಮು ಮುಗಿಯುವಷ್ಟರಲ್ಲಿ ಶಾಲೆ ಬಿಟ್ಟುಹೋದ ಹುಡುಗಿಯರು ಎಷ್ಟೋ ಜನ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಈಗ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಸಮಯ ಬಿಟ್ಟು ಸ್ವಂತ ಮನೆಯವರಿಗೆ ನೆರವಾಗೋದಕ್ಕೆ ವಿನಾಯಿತಿ ಇದೆ. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಪಟ್ಟಣದ ನಮಗೂ ಒಂದು ಪ್ರಶ್ನೆ: ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯೋಕೆ, ಕೂಸು ಆಡಿಸೋಕೆ ಊರಿಂದ ಕರೆಸಿದ ಹುಡುಗಿಗೆ ವಯಸ್ಸೆಷ್ಟು?

ಬಾಲ್ಯವಿವಾಹ. "ವಯಸ್ಸಿಗೆ ಬಂದಾಳ, ಹುಡುಗ ಚಲೋ ಅದಾನ, ರಕ್ಷಣೆ ಹೊಂದಿದ ಮನೆತನ." ಹುಡುಗಿಗೆ 18 ಆಗಿಲ್ಲ ಅಂದರೆ ಅದು ಮದುವೆ ಅಲ್ಲ, ದೌರ್ಜನ್ಯ. 2006ರ ಕೇಂದ್ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹೆಂಡತಿಯಾದರೂ 18 ವರ್ಷದೊಳಗಿನವಳ ಜೊತೆಗಿನ ಸಂಬಂಧ ಅತ್ಯಾಚಾರ ಅಂತ ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲಿ ಹೇಳಿತು. ಅಂಥ ಮದುವೆ ಮಾಡಿಸಿದ ಪಾಸ್ಟರಿಗೂ ಎರಡು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಗೊತ್ತಿದ್ದೂ ಮದುವೆಗೆ ಹೋಗಿ ಅಕ್ಷತೆ ಹಾಕಿದರೂ, ಆಶೀರ್ವಾದದ ಪ್ರಾರ್ಥನೆ ಮಾಡಿದರೂ ಕಾನೂನಿನ ಕೈಗೆ ಸಿಗಬಹುದು.

3. ಅರಮನೆಯ ಮೌನ

ಇಷ್ಟೆಲ್ಲ ನಡೆದರೂ ಹೊರಗೆ ಯಾಕೆ ಬರೋದಿಲ್ಲ? 2 ಸಮುವೇಲ 13ನೇ ಅಧ್ಯಾಯ ಉತ್ತರ ಕೊಡುತ್ತೆ. ಈ ಅಧ್ಯಾಯವನ್ನು ಭಾನುವಾರದ ಪ್ರಸಂಗದಲ್ಲಿ ಯಾರೂ ಓದೋದಿಲ್ಲ. ಆದರೆ ಪವಿತ್ರಾತ್ಮನು ಇದನ್ನು ಸತ್ಯವೇದದಲ್ಲಿ ಇಟ್ಟಿದ್ದಾನೆ.

ದಾವೀದನ ಮಗಳು ತಾಮಾರಳು. ಅವಳ ಮಲಅಣ್ಣ ಅಮ್ನೋನ ಕಾಯಿಲೆಯ ನಾಟಕ ಆಡಿ, ರೊಟ್ಟಿ ಸುಟ್ಟುಕೊಡು ಅಂತ ಕರೆಸಿ, ಅವಳನ್ನು ಕೆಡಿಸ್ತಾನೆ. ಆ ಮನೆಯಲ್ಲಿ ಯಾರು ಏನು ಮಾಡಿದರು ನೋಡ್ರಿ. ಯೋನಾದಾಬ ಉಪಾಯ ಹೇಳಿಕೊಟ್ಟ. ಆಳು ಅವಳನ್ನು ಹೊರಗೆ ಹಾಕಿ ಬಾಗಿಲು ಹಾಕಿದ. ಒಡಹುಟ್ಟಿದ ಅಣ್ಣ ಅಬ್ಷಾಲೋಮ, ಅವನು ನಿನ್ನ ಅಣ್ಣ ಅಲ್ವಾ, ಸುಮ್ಮನಿರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದ. ತಂದೆ ದಾವೀದನಿಗೆ ಬಹಳ ಸಿಟ್ಟು ಬಂತು. ಸಿಟ್ಟು ಬಂತು, ಅಷ್ಟೇ. ರಾಜನಾಗಿ ನ್ಯಾಯ ತೀರಿಸಲಿಲ್ಲ, ತಂದೆಯಾಗಿ ಮಗಳ ಹತ್ರ ಹೋದ ಅಂತಾನೂ ಬರೆದಿಲ್ಲ.

ನಮ್ಮ ಮನೆಗಳಲ್ಲಿ ಕೇಳೋದೂ ಇದೇ ಮಾತು. "ಮನಿ ಮಾತು ಮನ್ಯಾಗ ಇರಲಿ." "ಮಾಮಾನ ಮರ್ಯಾದಿ ಹೋಗ್ತದ." "ನಾಳೆ ಹುಡುಗಿಗೆ ಮದುವಿ ಆಗಬೇಕಲ್ಲ." ಸಭೆಯಲ್ಲಾದರೆ ಇನ್ನೂ ಆತ್ಮೀಕವಾದ ಮಾತು: "ಸಭೆಯ ಹೆಸರು ಕೆಡ್ತದ, ಸಾಕ್ಷಿ ಹಾಳಾಗ್ತದ, ಕ್ಷಮಿಸಿಬಿಡು."

ಆ ಮೌನದ ಫಲ ಏನಾಯ್ತು? ತಾಮಾರಳು ಅಣ್ಣನ ಮನೆಯಲ್ಲಿ ಒಂಟಿಯಾಗಿ ಉಳಿದಳು. ಎರಡು ವರ್ಷ ಆದ ಮೇಲೆ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ. ಆಮೇಲೆ ತಂದೆಯ ಮೇಲೇ ದಂಗೆ ಎದ್ದ. ಮನೆಯ ಮರ್ಯಾದೆ ಉಳಿಸೋಕೆ ಮುಚ್ಚಿಟ್ಟ ಸಂಗತಿ ಮನೆಯನ್ನೇ ಸುಟ್ಟಿತು.

4. ನನ್ನ ತಪ್ಪು

ಇದನ್ನು ಬೇರೆಯವರ ಮೇಲೆ ಬೆರಳು ತೋರಿಸಿ ಹೇಳ್ತಾ ಇಲ್ಲ. ಸೇವೆಯ ಮೊದಲ ವರ್ಷಗಳಲ್ಲಿ ಸಂಡೇ ಸ್ಕೂಲಿಗೆ ಬರ್ತಿದ್ದ ಒಬ್ಬ ಹುಡುಗ ಬೆನ್ನು ಒರಗಿಸಿ ಕೂರ್ತಾನೇ ಇರಲಿಲ್ಲ. ಒಂದು ದಿನ ಅಂಗಿ ಎತ್ತಿ ತೋರಿಸಿದ. ಬಾಸುಂಡೆ. "ಅಪ್ಪ ಬೆಲ್ಟಿನಿಂದ ಹೊಡೀತಾನ" ಅಂದ. ನಾನು ಅವತ್ತು ಸಂಜೆ ಅವರ ಮನೆಗೆ ಹೋಗಿ ತಂದೆಯ ಜೊತೆ ಮೊಣಕಾಲೂರಿ ಪ್ರಾರ್ಥನೆ ಮಾಡಿದೆ. ಆತ ಅತ್ತ. ನಾನು ದೇವರಿಗೆ ಸ್ತೋತ್ರ ಅಂತ ಹೇಳಿ ಚಹಾ ಕುಡಿದು ಬಂದೆ. ಮುಂದಿನ ವಾರ ಆ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪಾಸ್ಟರಿಗೆ ಹೇಳಿದ್ದಕ್ಕೆ ಇನ್ನಷ್ಟು ಹೊಡೆತ ಬಿದ್ದಿತ್ತು ಅಂತ ಆಮೇಲೆ ಗೊತ್ತಾಯ್ತು. ಸ್ವಲ್ಪ ದಿನಕ್ಕೆ ಆ ಮನೆಯವರು ಊರು ಬಿಟ್ಟರು.

ನಾನು ಪ್ರಾರ್ಥನೆ ಮಾಡಿದ್ದು ತಪ್ಪಲ್ಲ. ಪ್ರಾರ್ಥನೆ ಮಾಡಿ ಕೈ ತೊಳೆದುಕೊಂಡದ್ದು ತಪ್ಪು. ತಂದೆಯ ಕಣ್ಣೀರು ನೋಡಿ ಮಗುವಿನ ಬೆನ್ನನ್ನು ಮರೆತೆ. ಆ ಹುಡುಗ ಎಲ್ಲೇ ಇರಲಿ, ಅವನ ಕ್ಷಮೆ ಕೇಳೋ ಅವಕಾಶ ನನಗೆ ಸಿಕ್ಕಿಲ್ಲ. ನಿಮಗೆ ಹಾಗಾಗೋದು ಬೇಡ.

5. ಮಗು ಹೇಳಿದಾಗ ಏನು ಮಾಡಬೇಕು

ಕೆಲವು ಮಕ್ಕಳು ಬಾಯಲ್ಲಿ ಹೇಳೋದಿಲ್ಲ, ನಡತೆಯಲ್ಲಿ ಹೇಳ್ತಾರೆ. ಚುರುಕಾಗಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗೋದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗೋದು, ಒಬ್ಬ ವ್ಯಕ್ತಿಯ ಮನೆಗೆ ಮಾತ್ರ ಹೋಗಲ್ಲ ಅನ್ನೋದು, ಬೇಸಿಗೆಯಲ್ಲೂ ಮೈ ಮುಚ್ಚಿಕೊಳ್ಳೋದು, ಊಟ ಕದಿಯೋದು, ವಯಸ್ಸಿಗೆ ಮೀರಿದ ಮಾತಾಡೋದು. ಒಂದು ಗುರುತು ಕಂಡ ಕೂಡಲೇ ಹೀಗೇ ಅಂತ ತೀರ್ಮಾನ ಬೇಡ. ಆದರೆ ಗಮನ ಕೊಡಿ. ಇದನ್ನು ದೆವ್ವದ ಕಾಟ ಅಂತ ಬಿಡಿಸೋದಕ್ಕೆ ಕೂರಿಸುವ ಮುಂಚೆ ಮಗುವಿಗೆ ಏನಾಗಿದೆ ಅಂತ ಕೇಳಿ.

ಮಗು ಹೇಳಿದರೆ:

ಒಂದು, ನಂಬಿ. "ಸುಳ್ಳು ಹೇಳ್ಬೇಡ" ಅನ್ನಬೇಡಿ. "ನೀ ಹೇಳಿದ್ದು ಚಲೋ ಆತು, ಇದು ನಿನ್ನ ತಪ್ಪಲ್ಲ" ಅನ್ನಿ.

ಎರಡು, ಕೆದಕಬೇಡಿ. ಪೊಲೀಸರ ತರಹ ಪ್ರಶ್ನೆ ಹಾಕಬೇಡಿ, ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಮಗು ಹೇಳಿದ ಮಾತನ್ನು ಹೇಳಿದ ಹಾಗೇ ಬರೆದಿಡಿ.

ಮೂರು, "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ" ಅನ್ನಿ.

ನಾಲ್ಕು, ಆರೋಪ ಇರುವ ವ್ಯಕ್ತಿಯನ್ನು ನೀವೇ ಹೋಗಿ ಎದುರಿಸಬೇಡಿ, ಪಂಚಾಯ್ತಿ ಮಾಡಬೇಡಿ. ನನ್ನ ತಪ್ಪು ನೆನಪಿರಲಿ. ಅವತ್ತು ರಾತ್ರಿ ಮಗು ಸುರಕ್ಷಿತವಾಗಿ ಎಲ್ಲಿ ಮಲಗುತ್ತೆ ಅನ್ನೋದು ಮೊದಲ ಪ್ರಶ್ನೆ.

ಐದು, ತಿಳಿಸಿ. 1098 ಮಕ್ಕಳ ಸಹಾಯವಾಣಿ, ಹಗಲು ರಾತ್ರಿ, ಉಚಿತ. ತುರ್ತು ಇದ್ದರೆ 112. ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಮಗುವೇ ಫೋನ್ ಮಾಡಬಹುದು, ಪಕ್ಕದ ಮನೆಯವರೂ ಮಾಡಬಹುದು. ಲೈಂಗಿಕ ದೌರ್ಜನ್ಯವಾದರೆ ಪೊಲೀಸರಿಗೆ ತಿಳಿಸೋದು ಇಷ್ಟ ಇದ್ದರೆ ಮಾಡೋ ಕೆಲಸ ಅಲ್ಲ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಪ್ರತಿಯೊಬ್ಬರೂ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಒಂದು ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಕಾನೂನು ರಕ್ಷಣೆ ಕೊಡುತ್ತೆ.

ಹೆದರಬೇಡಿ. ಮಗುವಿನ ಹೇಳಿಕೆಯನ್ನು ಅದು ಇರುವ ಮನೆಯಲ್ಲೇ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ ತೆಗೆದುಕೊಳ್ಳಬೇಕು, ಅಧಿಕಾರಿ ಪೊಲೀಸ್ ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಕಾಯ್ದೆಯಲ್ಲೇ ಇದೆ. ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಘಟನೆ ಈಗಷ್ಟೇ ಆಗಿದ್ದರೆ ಬಟ್ಟೆ ತೊಳೆಯದೆ ಹಾಗೇ ತೆಗೆದುಕೊಂಡು ಹೋಗಿ. ಇನ್ನು ಮಗುವಿನ ಹೆಸರು, ಫೋಟೋ, ಊರು ಯಾವುದನ್ನೂ ಸ್ಟೇಟಸ್‌ಗೆ ಹಾಕಬೇಡಿ, ಪ್ರಾರ್ಥನಾ ಗುಂಪಿನ ವಾಟ್ಸಾಪ್‌ಗೂ ಹಾಕಬೇಡಿ. ಗುರುತು ಬಯಲು ಮಾಡೋದೂ ಅಪರಾಧ. "ಪ್ರಾರ್ಥನೆಗೋಸ್ಕರ ಹೇಳ್ತಾ ಇದ್ದೀನಿ" ಅಂತ ಶುರುವಾಗೋ ಮಾತು ಎಷ್ಟು ಬೇಗ ಊರೆಲ್ಲ ಸುತ್ತುತ್ತೆ ನಮಗೆ ಗೊತ್ತು.

6. ನಮ್ಮ ಸಭೆ ಹೇಗಿರಬೇಕು

ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದ. ಮತ್ತಾಯ 18. ಆತನನ್ನು ನಂಬುವ ಇಂಥ ಚಿಕ್ಕವರಲ್ಲಿ ಒಬ್ಬರನ್ನು ಕೆಡಿಸುವವನಿಗೆ, ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕಿದರೂ ಅದೇ ವಾಸಿ ಅನ್ನುವಷ್ಟು ಕಠಿಣವಾಗಿ ಮಾತಾಡಿದ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಮುಂದೆ ಮೃದುವಾಗಿದ್ದ ಅದೇ ಯೇಸು, ಮಕ್ಕಳ ವಿಷಯದಲ್ಲಿ ಹೀಗೆ ಮಾತಾಡಿದ. ಧಾರ್ಮಿಕ ಸಂಸ್ಥೆಯ ಆಡಳಿತದವರೋ ಕೆಲಸದವರೋ ಅಲ್ಲಿನ ಮಗುವಿನ ಮೇಲೆ ದೌರ್ಜನ್ಯ ಮಾಡಿದರೆ ಪೋಕ್ಸೊ ಕಾಯ್ದೆಯೂ ಅದನ್ನು ಹೆಚ್ಚು ಗಂಭೀರ ಅಪರಾಧ ಅಂತ ಎಣಿಸುತ್ತೆ.

ಅದಕ್ಕೆ ನಮ್ಮಲ್ಲಿ ಕೆಲವು ನಿಯಮ ಇರಲಿ. ಸಂಡೇ ಸ್ಕೂಲಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು. ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿಗೆ ಕೌನ್ಸೆಲಿಂಗ್ ಬೇಡ. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಮಗುವನ್ನು ಒಬ್ಬರೇ ಬೈಕಿನಲ್ಲಿ ಬಿಡೋದು ಬೇಡ. ಪ್ರಾರ್ಥನೆ ಮಾಡುವಾಗ ಕೈ ತಲೆಯ ಮೇಲೆ, ಅದೂ ಮಗುವಿಗೆ ಹಿತವಾಗಿದ್ದರೆ ಮಾತ್ರ. "ಬ್ಯಾಡ" ಅನ್ನೋ ಹಕ್ಕು ಮಗುವಿಗೆ ಇದೆ, ಪಾಸ್ಟರಿಗೂ "ಬ್ಯಾಡ" ಅನ್ನಬಹುದು ಅಂತ ಕಲಿಸಿ. ಹೊಸದಾಗಿ ಸೇವೆಗೆ ಬಂದವನು ಎಷ್ಟು ಚೆನ್ನಾಗಿ ಹಾಡಿದರೂ ಹಿನ್ನೆಲೆ ವಿಚಾರಿಸದೆ ಮಕ್ಕಳ ಕೈಗೆ ಬಿಡಬೇಡಿ. ನಾನೂ ಈ ನಿಯಮಕ್ಕೆ ಹೊರಗಲ್ಲ. ನನ್ನ ಮೇಲೆ ದೂರು ಬಂದರೂ ನೀವು ಮಾಡಬೇಕಾದ್ದು ಅದೇ.

ಯಾರಾದರೂ "ಇದು ಲೋಕದ ವಿಷಯ, ನಮಗೆ ಆತ್ಮೀಕ ಬೇಕು" ಅಂದರೆ ನಮ್ಮ ಬೇರನ್ನು ನೆನಪಿಸಿ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಇವತ್ತಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಎಳೆಯ ವಯಸ್ಸಿಗೇ ವಿಧವೆಯಾದ ಹುಡುಗಿಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1896–97ರ ಬರಗಾಲದಲ್ಲಿ ಅನಾಥರಾಗಿ, ಕೆಟ್ಟವರ ಕೈಗೆ ಬೀಳುವಂತಿದ್ದ ನೂರಾರು ಹುಡುಗಿಯರನ್ನು ತಾವೇ ಹೋಗಿ ಕರೆತಂದರು. ಪುಣೆ ಹತ್ತಿರದ ಕೇಡಗಾವಿನ ಮುಕ್ತಿ ಮಿಷನ್ ಅವರ ಮನೆಯಾಯಿತು. 1905ರಲ್ಲಿ ಅಲ್ಲೇ ಉಜ್ಜೀವನ ಆಯಿತು. ಅಮೆರಿಕದ ಅಜುಸಾ ಬೀದಿಯ ಉಜ್ಜೀವನಕ್ಕಿಂತ ಒಂದು ವರ್ಷ ಮುಂಚೆ! ಪವಿತ್ರಾತ್ಮನ ಬೆಂಕಿ ಇಳಿದದ್ದು ಯಾರ ಮೇಲೆ? ಯಾರಿಗೂ ಬೇಡವಾಗಿದ್ದ ಆ ಹುಡುಗಿಯರ ಮೇಲೆ. ಮೊದಲು ರಮಾಬಾಯಿ ಮಕ್ಕಳಿಗೆ ಬಾಗಿಲು ತೆರೆದರು, ಉಜ್ಜೀವನ ಆಮೇಲೆ ಆ ಮನೆಗೆ ಬಂತು. ಹಲ್ಲೆಲೂಯ!

7. ಗಾಯಗೊಂಡವರಿಗೆ

ಕಡೇ ಮಾತು, ಮೊದಲು ಹೇಳಿದ್ದೆನಲ್ಲ, ನಿಮಗಾಗಿ. ಚಿಕ್ಕಂದಿನಲ್ಲಿ ನಿಮಗೆ ಯಾರಾದರೂ ಹಿಂಸೆ ಮಾಡಿದ್ದರೆ, ಆ ಪಾಪ ನಿಮ್ಮದಲ್ಲ. ನೀವು ಅಶುದ್ಧರಲ್ಲ. ಅದಕ್ಕೆ ನೀವು ಪಶ್ಚಾತ್ತಾಪ ಪಡಬೇಕಾಗಿಲ್ಲ, ಪಡಬೇಕಾದವರು ಮಾಡಿದವರು. "ಕ್ಷಮಿಸಿದ್ರೆ ಕಂಪ್ಲೇಂಟ್ ಕೊಡಬಾರದು" ಅಂತ ಯಾರಾದರೂ ಹೇಳಿದ್ದರೆ ಅದು ವಾಕ್ಯ ಅಲ್ಲ. ಕ್ಷಮೆ ನಿಮ್ಮ ಮತ್ತು ದೇವರ ನಡುವೆ, ನಿಮ್ಮ ಸಮಯದಲ್ಲಿ, ಯಾರ ಒತ್ತಾಯವೂ ಇಲ್ಲದೆ ಆಗೋದು. ನ್ಯಾಯ ಬೇರೆ. ಅವನ ಕೈಗೆ ಇನ್ನೊಂದು ಮಗು ಸಿಗಬಾರದು. ನೆನಪು ರಾತ್ರಿ ನಿದ್ದೆ ಕೊಡದಿದ್ದರೆ ಮನೋವೈದ್ಯರ ಹತ್ರ ಹೋಗೋದು ವಿಶ್ವಾಸದ ಕೊರತೆ ಅಲ್ಲ. ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪೊದೆಯ ಕೆಳಗೆ ನೀವು ಅತ್ತಾಗ ಯಾರೂ ಬರಲಿಲ್ಲ ಅನ್ನಿಸಿರಬಹುದು. ಬರಬೇಕಾಗಿದ್ದ ಜನ ಬರಲಿಲ್ಲ, ನಿಜ. ಸಭೆಯ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಆದರೆ ಆ ದನಿಯನ್ನು ದೇವರು ಕೇಳಿದ್ದಾನೆ. ಇಷ್ಮಾಯೇಲನ ಕತೆ ಪೊದೆಯ ಕೆಳಗೆ ಮುಗಿಯಲಿಲ್ಲ. ದೇವರು ಆ ಹುಡುಗನ ಸಂಗಡ ಇದ್ದ, ಅವನು ಬೆಳೆದ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಮಕ್ಕಳ ಅಳುವನ್ನು ಕೇಳುವ ದೇವರೇ, ಸ್ತೋತ್ರ. ನಾವು ಕೇಳಿಯೂ ಕೇಳದವರ ಹಾಗೆ ಇದ್ದ ದಿನಗಳಿಗಾಗಿ ಕ್ಷಮಿಸು. ಕುಷ್ಟಗಿಯ ಹೊಲದಲ್ಲಿ, ಗಂಗಾವತಿಯ ಓಣಿಯಲ್ಲಿ, ಯಲಬುರ್ಗಾದ ಅಜ್ಜಿಯ ಮನೆಯಲ್ಲಿ, ಕೊಪ್ಪಳದ ಬಾಡಿಗೆ ಕೋಣೆಯಲ್ಲಿ ಈ ರಾತ್ರಿ ಹೆದರಿ ಮಲಗಿರುವ ಮಗುವಿನ ಹತ್ತಿರ ಯಾರನ್ನಾದರೂ ಕಳಿಸು. ನಮ್ಮನ್ನೇ ಕಳಿಸು. ಎದ್ದು ಹೋಗುವ ಕಾಲು, ಕೈ ಹಿಡಿಯುವ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.

ಗುಂಪಿನಲ್ಲಿ ಚರ್ಚಿಸಲು

1. 2 ಸಮುವೇಲ 13ರಲ್ಲಿ ತಾಮಾರಳಿಗೆ ಸಹಾಯ ಮಾಡಬಹುದಾಗಿದ್ದವರು ಯಾರು ಯಾರು? ಅವರಲ್ಲಿ ನೀವು ಯಾರ ಹಾಗೆ ಇದ್ದೀರಿ?
2. ನಿಮ್ಮ ಓಣಿಯಲ್ಲಿ, ಸಭೆಯಲ್ಲಿ ಅಪ್ಪ-ಅವ್ವ ಗುಳೆ ಹೋಗಿರುವ ಮಕ್ಕಳು ಇದ್ದಾರಾ? ಈ ವಾರ ಅವರಿಗಾಗಿ ಮಾಡಬಹುದಾದ ಒಂದು ಕೆಲಸ ಯಾವುದು?
3. ನಿಮ್ಮ ಸಂಡೇ ಸ್ಕೂಲಿನಲ್ಲಿ 1098 ನಂಬರನ್ನು ಮಕ್ಕಳ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ಬರೆದಿದ್ದೀರಾ? ಇಲ್ಲದಿದ್ದರೆ ಈ ಭಾನುವಾರ ಯಾರು ಬರೀತೀರಿ?